ಮನೆಯಲ್ಲೇ ಸ್ಲೈಮ್: ಅಂಟಿದರೇನು, ಗಟ್ಟಿಯಾದರೇನು?

ರಜೆ ಬಂತೆಂದರೆ ಸಾಕು, ಮಕ್ಕಳಿರುವ ಮನೆಗಳಲ್ಲಿ ಬಿಳಿ ಅಂಟಿನ ಡಬ್ಬಿಗಳು ಖಾಲಿಯಾಗತೊಡಗುತ್ತವೆ. ಎಳೆದರೆ ಹಿಗ್ಗುವ, ಬಿಟ್ಟರೆ ಹರಿಯುವ, ಥಟ್ಟನೆ ಜಗ್ಗಿದರೆ ತುಂಡಾಗುವ 'ಸ್ಲೈಮ್' ಎಂಬ ಲೋಳೆಯ ಮೇಲೆ ಮಕ್ಕಳಿಗಿರುವ ಮೋಹ ಅಷ್ಟಿಷ್ಟಲ್ಲ. ಆದರೆ ವೀಡಿಯೊದಲ್ಲಿ ಕಂಡಂತೆ ಅದು ಮೊದಲ ಸಲಕ್ಕೇ ಕೂಡಿಬರುವುದು ಅಪರೂಪ. ಒಂದೋ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಇಲ್ಲವೇ ರಬ್ಬರ್ ಮುದ್ದೆಯಾಗುತ್ತದೆ. ಆಗ ಮಗುವಿನ ಕೈಗೆ ಸಿಗುವುದು ಬಿಳಿಗಾರದ ಪೊಟ್ಟಣ. ಪಾಲಕರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

ಈ ಆಟಿಕೆ ಹೊಸದೇನಲ್ಲ. ಅಮೆರಿಕದ ಮಟೆಲ್ ಕಂಪೆನಿ 1976ರಲ್ಲಿಯೇ ಹಸಿರು ಬಣ್ಣದ ಸ್ಲೈಮನ್ನು ಪುಟ್ಟ ಕಸದ ಡಬ್ಬಿಯಂಥ ಪ್ಲಾಸ್ಟಿಕ್ ಪಾತ್ರೆಯಲ್ಲಿಟ್ಟು ಮಾರಾಟಕ್ಕೆ ತಂದಿತ್ತು. ಅದರ ಮೂಲವಸ್ತು ಗೋರಿಕಾಯಿ ಬೀಜದಿಂದ ತೆಗೆದ ಅಂಟು! ನಾವು ಪಲ್ಯ ಮಾಡುವ, ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುವ ಅದೇ ತರಕಾರಿ. ಗೋರಿಕಾಯಿಯ ಅಂಟಿನ ಜಾಗಕ್ಕೆ ಈಗ ಮನೆಗಳಲ್ಲಿ ಬಿಳಿ ಅಂಟು ಬಂದಿದೆಯಾದರೂ ಅದನ್ನು ಲೋಳೆಯಾಗಿಸುವ ವಸ್ತು ಅಂದಿನದೇ: ಬಿಳಿಗಾರ, ಅರ್ಥಾತ್ ಬೋರಾಕ್ಸ್. ಅಕ್ಕಸಾಲಿಗರು ಬೆಸುಗೆಗೆ ಬಳಸುವ, ಗ್ರಂಧಿಗೆ ಅಂಗಡಿಯಲ್ಲಿ ದೊರೆಯುವ ವಸ್ತುವಿದು.

ಬಿಳಿ ಅಂಟಿನಲ್ಲಿ ಉದ್ದುದ್ದನೆಯ ಅಣುಗಳಿರುತ್ತವೆ. ಬೆಂದ ಶಾವಿಗೆಯ ಎಳೆಗಳಂತೆ ಅವು ಒಂದರ ಮೇಲೊಂದು ಜಾರುತ್ತಿರುತ್ತವೆ. ಬಿಳಿಗಾರದ ನೀರು ಬಿದ್ದೊಡನೆ ಅದರ ಬೋರೇಟ್ ಈ ಎಳೆಗಳನ್ನು ಅಲ್ಲಲ್ಲಿ ಕೊಂಡಿ ಹಾಕಿ ಹಿಡಿಯುತ್ತದೆ. ಈ ಕೊಂಡಿಗಳು ಸಡಿಲವಾದವು. ಕಳಚುತ್ತವೆ, ಮತ್ತೆ ಕೂಡುತ್ತವೆ. ನಿಧಾನವಾಗಿ ಎಳೆದರೆ ಮತ್ತೆ ಕೂಡಲು ಸಮಯ ಸಿಗುವುದರಿಂದ ಮುದ್ದೆ ಹಿಗ್ಗುತ್ತದೆ, ಜಗ್ಗಿದರೆ ತುಂಡಾಗುತ್ತದೆ. ಹದ ಕೆಡುವುದು, ಹದ ತರುವುದು ಎರಡೂ ಈ ಕೊಂಡಿಗಳ ಲೆಕ್ಕವೇ.

ಅಳತೆ ಹೀಗಿದೆ. ಒಂದು ಲೋಟ (ಸುಮಾರು 240 ಮಿ.ಲೀ.) ಬಿಸಿನೀರಿಗೆ ಒಂದು ಟೀ ಚಮಚ ಬಿಳಿಗಾರ ಹಾಕಿ ಪೂರ್ತಿ ಕರಗಿಸಿ ಆರಲು ಬಿಡಬೇಕು. ಈ ಕೆಲಸ ದೊಡ್ಡವರದು. ಬೇರೊಂದು ಪಾತ್ರೆಯಲ್ಲಿ 100 ಮಿ.ಲೀ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ, ಬೇಕಿದ್ದರೆ ಬಣ್ಣದ ಹನಿ ಸೇರಿಸಬಹುದು. ಮರಗೆಲಸದ ಗಟ್ಟಿ ಅಂಟಿಗೆ ನೀರು ಬೆರೆಸುವುದನ್ನು ಮರೆತರೆ ರಬ್ಬರಿನಂಥ ಮುದ್ದೆ ಖಚಿತ. ನಂತರ ಬಿಳಿಗಾರದ ನೀರನ್ನು ಒಂದೊಂದೇ ಚಮಚ ಹಾಕುತ್ತಾ ಕಲಕಬೇಕು. ಮುದ್ದೆ ಪಾತ್ರೆಯ ಅಂಚು ಬಿಟ್ಟೊಡನೆ ಹಾಕುವುದನ್ನು ನಿಲ್ಲಿಸಬೇಕು. ಮಾಡಿದ ನೀರನ್ನೆಲ್ಲ ಮುಗಿಸಲೇಬೇಕೆಂಬ ನಿಯಮವೇನೂ ಇಲ್ಲ.

ಹದ ತಪ್ಪಿದಾಗ

ಮುದ್ದೆ ಕೈಗೆ ಅಂಟುತ್ತಿದೆಯೆಂದರೆ ಕೊಂಡಿಗಳು ಸಾಲದು ಎಂದರ್ಥ. ಆದರೆ ಒಡನೆಯೇ ಇನ್ನಷ್ಟು ಬಿಳಿಗಾರ ಸುರಿಯುವುದೇ ಎಲ್ಲರೂ ಮಾಡುವ ತಪ್ಪು. ಮೊದಲು ಎರಡು-ಮೂರು ನಿಮಿಷ ಚಪಾತಿ ಹಿಟ್ಟಿನಂತೆ ನಾದಿ ನೋಡಬೇಕು. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಆಗಲೂ ಅಂಟಿದರೆ ಅರ್ಧ ಚಮಚ ದ್ರಾವಣ ಹಾಕಿ ಮತ್ತೆ ನಾದಬೇಕು.

ಗಟ್ಟಿಯಾಗಿ ತುಂಡಾಗುತ್ತಿದ್ದರೆ ಕಾರಣ ಎರಡು: ಬಿಳಿಗಾರ ಹೆಚ್ಚಾಗಿರಬೇಕು, ಇಲ್ಲವೇ ನೀರು ಆರಿರಬೇಕು. ಆರಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ನಾದಿದರೆ ಸಾಕು. ಬಿಳಿಗಾರ ಹೆಚ್ಚಾಗಿದ್ದರೆ ನೀರು ಬೆರೆಸಿದ ಅಂಟನ್ನು ಸ್ವಲ್ಪ ಸೇರಿಸಬಹುದು, ಅಥವಾ ಒಂದೆರಡು ಹನಿ ನಿಂಬೆರಸ ಹಿಂಡಬಹುದು. ಆಮ್ಲ ತಗುಲಿದರೆ ಬೋರೇಟ್ ಬೋರಿಕ್ ಆಮ್ಲವಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಿಂಬೆರಸ ಹೆಚ್ಚಾಗಿ ಎಲ್ಲವೂ ನೀರಾಯಿತೇ? ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮರಳಿ ಗಟ್ಟಿಯಾಗುತ್ತದೆ. ಮಕ್ಕಳಿಗೆ ಸ್ಲೈಮ್‌ಗಿಂತ ಈ ಪವಾಡವೇ ಹೆಚ್ಚು ಖುಷಿ ಕೊಟ್ಟರೆ ಆಶ್ಚರ್ಯವಿಲ್ಲ. ಬಟ್ಟೆಗೆ, ಸೋಫಾಕ್ಕೆ ಮೆತ್ತಿದ ಲೋಳೆಯನ್ನು ಬಿಡಿಸಲೂ ವಿನೆಗರ್ ನೆರವಾಗುವುದು ಇದೇ ಕಾರಣಕ್ಕೆ.

ವಿದೇಶಿ ವೀಡಿಯೊಗಳಲ್ಲಿ ಬಟ್ಟೆ ತೊಳೆಯುವ ದ್ರವ, ಕಾಂಟ್ಯಾಕ್ಟ್ ಲೆನ್ಸ್ ದ್ರಾವಣ ಹಾಕುವುದನ್ನು ತೋರಿಸುತ್ತಾರೆ. ಅವುಗಳಲ್ಲಿ ಬೋರೇಟ್ ಅಥವಾ ಬೋರಿಕ್ ಆಮ್ಲ ಇಲ್ಲದಿದ್ದರೆ ಎಷ್ಟು ಸುರಿದರೂ ಫಲವಿಲ್ಲ. ಲೇಬಲ್ ಓದದೆ ಡಬ್ಬಿಗಟ್ಟಲೆ ವ್ಯರ್ಥ ಮಾಡುವವರೇ ಹೆಚ್ಚು. ಕೇರಂ ಪುಡಿ ಬಳಸುವ ಸಲಹೆಯೂ ಉಂಟು. ಅದು ಬಹುಮಟ್ಟಿಗೆ ಬೋರಿಕ್ ಆಮ್ಲವೇ. ಜಿರಲೆ ಕೊಲ್ಲಲು ಬಳಸುವುದೂ ಇದನ್ನೇ. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

'ಬಾಯಿಹುಣ್ಣಿಗೆ ಅಜ್ಜಿ ಹಚ್ಚುತ್ತಿದ್ದುದು ಬಿಳಿಗಾರವೇ ಅಲ್ಲವೇ' ಎಂದು ಕೇಳುವವರಿದ್ದಾರೆ. ಪರಿಚಿತ ವಸ್ತುವೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಬೋರಿಕ್ ಆಮ್ಲ ಬಳಸಿ ಮನೆಯಲ್ಲಿ ಸ್ಲೈಮ್ ಮುಂತಾದವನ್ನು ಮಾಡದಿರುವಂತೆ ಕೆನಡಾದ ಆರೋಗ್ಯ ಇಲಾಖೆ 2016ರಲ್ಲಿಯೇ ಸಲಹೆ ನೀಡಿತು. ಬೋರಾನ್ ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಸಂತಾನಶಕ್ತಿಗೆ ಧಕ್ಕೆಯಾಗಬಹುದೆಂಬುದು ಆತಂಕ. ಅಂಟಂಟಾದ ಆಟಿಕೆಗಳಿಗೆ ಯೂರೋಪ್ ಒಕ್ಕೂಟ ವಿಧಿಸಿದ ಮಿತಿ ಕಿಲೋಗೆ 300 ಮಿಲಿಗ್ರಾಂ. ಬ್ರಿಟನ್ನಿನ ಗ್ರಾಹಕ ಸಂಸ್ಥೆ 'ವಿಚ್?' 2018ರಲ್ಲಿ ಪರೀಕ್ಷಿಸಿದ 11 ಸ್ಲೈಮ್‌ಗಳ ಪೈಕಿ 8 ಈ ಮಿತಿಯನ್ನು ಮೀರಿದ್ದವು. ಅಂದರೆ ಅಂಗಡಿಯಿಂದ ತಂದದ್ದೇ ಸುರಕ್ಷಿತ ಎನ್ನುವಂತೆಯೂ ಇಲ್ಲ.

ಹಾಗಾಗಿ ಕೈಯಲ್ಲಿ ಗಾಯವಿರುವ ಮಕ್ಕಳಿಗೆ ಹಾಗೂ ಬೆರಳು ಚೀಪುವ ಅಭ್ಯಾಸವಿರುವವರಿಗೆ ಬಿಳಿಗಾರದ ಸ್ಲೈಮ್ ಬೇಡ. ಉಳಿದವರೂ ಆಟವಾದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಅಡುಗೆಯ ಪಾತ್ರೆ ಬಳಸಬಾರದು. ಬಿಳಿಗಾರದ ಪುಡಿ ನುಂಗಿದ ಅನುಮಾನವಿದ್ದರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಚಿಕ್ಕ ಮಕ್ಕಳಿಗೆ ಔಷಧ ಅಂಗಡಿಯ ಇಸಬ್‌ಗೋಲ್ ಹೊಟ್ಟೇ ಮೇಲು. ಒಂದು ಲೋಟ ನೀರಿಗೆ ಒಂದು ಟೀ ಚಮಚ ಹೊಟ್ಟು ಹಾಕಿ, ಕಲಕುತ್ತಾ ಗಟ್ಟಿಯಾಗುವವರೆಗೆ ಕುದಿಸಿ, ಪೂರ್ತಿ ಆರಿದ ಮೇಲೆ ಕೈಗೆ ಕೊಟ್ಟರಾಯಿತು. ಅಷ್ಟಾಗಿ ಹಿಗ್ಗುವುದಿಲ್ಲ, ಆದರೆ ಲೋಳೆಗೆ ಕೊರತೆಯಿಲ್ಲ. ಎರಡು ಪಾಲು ಕಾರ್ನ್‌ಫ್ಲೋರ್‌ಗೆ ಒಂದು ಪಾಲು ನೀರು ಬೆರೆಸಿದರೂ ಗುದ್ದಿದರೆ ಗಟ್ಟಿಯಾಗುವ, ಬಿಟ್ಟರೆ ಹರಿಯುವ ಹಿಟ್ಟು ಸಿದ್ಧ. ಇವು ಒಂದೆರಡು ದಿನದ ಆಟಕ್ಕೆ ಮಾತ್ರ. ಮುಗಿದ ಮೇಲೆ ಯಾವುದನ್ನೂ ಸಿಂಕಿಗೆ ಸುರಿಯಬಾರದು, ಕೊಳವೆ ಕಟ್ಟಿಕೊಳ್ಳುತ್ತದೆ.