ಹೊಳೆ ಮುಟ್ಟದ ಪ್ರತಿ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ಜನ ಮೊದಲು ಹೊರಗೆ ಸಾಗಿಸಿದ್ದು ಮಕ್ಕಳು ಮರಿ, ದನಕರು, ಕಾಗದಪತ್ರ. ಕಂಪ್ಯೂಟರಿನ ಪಕ್ಕದಲ್ಲಿದ್ದ ಬ್ಯಾಕಪ್ ಡ್ರೈವ್ ಅಂಥ ಗಳಿಗೆಯಲ್ಲಿ ಯಾರ ನೆನಪಿಗೂ ಬರುವ ವಸ್ತುವಲ್ಲ. ಮನೆಯ ಎರಡು ಮೂರು ಕಂಪ್ಯೂಟರುಗಳಿಗೆ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್ ಹಂಚುವುದು ಹೇಗೆ ಎಂಬುದಕ್ಕಿಂತ, ಆ ಡ್ರೈವ್ ಎಲ್ಲಿರಬೇಕು ಎಂಬುದೇ ಈ ಭಾಗದಲ್ಲಿ ದೊಡ್ಡ ಪ್ರಶ್ನೆ. ಆದರೂ ಹಂಚುವ ಕೆಲಸವನ್ನೇ ಮೊದಲು ಮುಗಿಸೋಣ.

ದಾರಿ ಮೂರಿವೆ. ಡ್ರೈವನ್ನು ಒಂದು ಕಂಪ್ಯೂಟರಿಗೆ ಸಿಕ್ಕಿಸಿ ಅದರ ಫೋಲ್ಡರನ್ನು ಮನೆಯ ವೈಫೈ ಮೂಲಕ ಉಳಿದವರಿಗೆ ತೆರೆಯಬಹುದು. ಆಗ ಆ ಕಂಪ್ಯೂಟರ್ ಸದಾ ಚಾಲೂ ಇರಬೇಕಾಗುತ್ತದೆ. ರೌಟರಿನ ಹಿಂದೆ ಯುಎಸ್‌ಬಿ ಕಿಂಡಿ ಇದ್ದರೆ ಅಲ್ಲಿಗೇ ಸಿಕ್ಕಿಸಬಹುದು. ಎರಡೂ ಬೇಡವೆಂದರೆ ಡ್ರೈವನ್ನೇ ಕೈಯಿಂದ ಕೈಗೆ ದಾಟಿಸುವುದು. ಹಳೆಯ ಪದ್ಧತಿಯಂತೆ ಕಂಡರೂ ನನ್ನ ಮತ ಇದಕ್ಕೇ. ಏಕೆಂಬುದು ಮುಂದೆ ತಿಳಿಯುತ್ತದೆ.

ಕೈಯಿಂದ ಕೈಗೆ ಹೋಗುವ ಡ್ರೈವಿನಲ್ಲಿ ಫಾರ್ಮ್ಯಾಟ್, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ, ಮುಖ್ಯ. ಒಂದು ಉದಾಹರಣೆ ನೋಡಿ. ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ಆಟ ಕಟ್ಟಿದ ಕುಲಗೋಡ ತಮ್ಮಣ್ಣನ ಊರು, ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮನ ಊರು, ಎರಡೂ ಇಂದು ಮೂಡಲಗಿ ತಾಲ್ಲೂಕಿನಲ್ಲಿವೆ. ಈ ಕಡೆಯ ಮನೆಯೊಂದರಲ್ಲಿ ಆ ಅಹೋರಾತ್ರಿ ಆಟದ ಹಳೆಯ ಮಿನಿ ಡಿವಿ ಕ್ಯಾಸೆಟ್ಟುಗಳಿವೆ ಎಂದುಕೊಳ್ಳಿ. ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ. ಏಳು ಗಂಟೆಯ ಆಟಕ್ಕೆ 90 ಜಿಬಿ. ಹಳೆಯ ಫ್ಯಾಟ್32 ಫಾರ್ಮ್ಯಾಟಿನ ಡ್ರೈವ್ 4 ಜಿಬಿಗಿಂತ ದೊಡ್ಡ ಒಂದು ಫೈಲನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಎನ್‌ಟಿಎಫ್‌ಎಸ್ ವಿಂಡೋಸಿಗೆ ಒಗ್ಗುತ್ತದೆ, ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ತಾನಾಗಿ ಬರೆಯಲಾರದು. ಎರಡೂ ಜಾತಿಯ ಯಂತ್ರಗಳಿರುವ ಮನೆಗೆ ಎಕ್ಸ್‌ಫ್ಯಾಟ್ ಸರಿ. ಒಂದು ಎಚ್ಚರಿಕೆ: ಬರೆಯುತ್ತಿರುವಾಗ ಕರೆಂಟು ಹೋದರೆ ತಡೆದುಕೊಳ್ಳುವ ಶಕ್ತಿ ಅದಕ್ಕೆ ಎನ್‌ಟಿಎಫ್‌ಎಸ್‌ಗಿಂತ ಕಡಿಮೆ. ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ; ಗೋಕಾಕಕ್ಕೆ ಹೆಸ್ಕಾಂ. ಯಾರೇ ಕೊಡಲಿ, ಮಳೆಗಾಳಿಗೆ ಹೋಗುವ ಕರೆಂಟು ಹೋಗಿಯೇ ಹೋಗುತ್ತದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಲ್ಯಾಪ್‌ಟಾಪಿನಿಂದಲೇ ಪ್ರತಿ ಮಾಡಿ.

ವೇಗದ ಲೆಕ್ಕವೂ ಇದೆ. ಹಳೆಯ ರೌಟರಿನ 100 ಮೆಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 11 ಎಂಬಿ ಸಾಗಿದರೆ ಆ 90 ಜಿಬಿಗೆ ಎರಡೂಕಾಲು ಗಂಟೆ ಬೇಕು. ಅದೇ ಡ್ರೈವನ್ನು ಯುಎಸ್‌ಬಿ 3 ಕೇಬಲಿನಲ್ಲಿ ನೇರವಾಗಿ ಸಿಕ್ಕಿಸಿದರೆ ಕಾಲು ಗಂಟೆಯ ಕೆಲಸ.

ಇನ್ನು ಸದಾ ಸಿಕ್ಕಿಸಿಟ್ಟ ಡ್ರೈವಿನ ಅಪಾಯ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಅದು ನುಸುಳಿದ್ದು ವಿಂಡೋಸಿನಲ್ಲಿ ಫೋಲ್ಡರ್ ಹಂಚಲು ಬಳಸುವ ಎಸ್‌ಎಂಬಿಯ ಹಳೆಯ ಆವೃತ್ತಿಯ ದೋಷದಿಂದಲೇ. ದೋಷಕ್ಕೆ ತೇಪೆ ಆ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಬಹಳ ಮಂದಿ. ಸಿಕ್ಕಿಸಿದ ಡ್ರೈವುಗಳ ಫೈಲುಗಳಿಗೂ ವಾನಾಕ್ರೈ ಬೀಗ ಜಡಿಯಿತು. ಮನೆಯವರೆಲ್ಲ ಬರೆಯಬಹುದಾದ, ಅಳಿಸಬಹುದಾದ ಡ್ರೈವಿಗೆ ಮನೆಯ ಯಾವ ಯಂತ್ರದ ರೋಗವೂ ತಗಲುತ್ತದೆ. ಕಂಪ್ಯೂಟರಿನಿಂದ ಕಳಚಿ ಕಪಾಟಿನಲ್ಲಿಟ್ಟ ಡ್ರೈವಿಗೆ ಆ ಭಯವಿಲ್ಲ. ಹಂಚಲೇಬೇಕೆಂದರೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಕೊಟ್ಟು, ಇನ್ನೊಬ್ಬರದನ್ನು ಓದಲಷ್ಟೇ ಬಿಡಬೇಕು.

ಈಗ ನದಿಯ ಮಾತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿಯ ರಾಜಾ ಲಖಮಗೌಡ ಜಲಾಶಯವಿದೆ. ಅಲ್ಲಿಂದ ಬಿಟ್ಟ ನೀರು ಹಿರಣ್ಯಕೇಶಿಯನ್ನು ಕೂಡಿಕೊಂಡು ಗೋಕಾಕ ಜಲಪಾತದಲ್ಲಿ ಧುಮುಕಿ, ಮಾರ್ಕಂಡೇಯದ ನೀರಿನೊಂದಿಗೆ ಊರನ್ನು ಹಾದು, ಲೋಳಸೂರ ಸೇತುವೆಯ ಕೆಳಗೆ, ಕೆಲವು ವರ್ಷ ಮೇಲೆ, ಹರಿದು ಮೂಡಲಗಿ ತಾಲ್ಲೂಕಿನ ಹಳ್ಳಿಗಳತ್ತ ಹೋಗುತ್ತದೆ. ಮೂರು ತಾಲ್ಲೂಕಿಗೂ ಒಂದೇ ಹೊಳೆ. ಹಾಗಾಗಿ ಗೋಕಾಕದ ಮನೆಯ ಎರಡನೇ ಪ್ರತಿ ಮೂಡಲಗಿಯ ಬೀಗರ ಮನೆಯಲ್ಲಿದೆ ಎಂದರೆ ಸಾಲದು. ಆ ಮನೆ ಹೊಳೆಸಾಲಿನಲ್ಲಿದ್ದರೆ ಎರಡೂ ಒಂದೇ ವಾರದಲ್ಲಿ ಮುಳುಗಬಹುದು. ಹಿರಣ್ಯಕೇಶಿ ದಂಡೆಯ ಸಂಕೇಶ್ವರಕ್ಕೂ ಇದೇ ಮಾತು. ಎತ್ತರದ ಓಣಿಯ ಮನೆ ನೋಡಿ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿನ ಹಿರಿಯರನ್ನು ಕೇಳಿದರೆ ಸಾಕು, ನಕ್ಷೆ ಬೇಡ.

ನೀರು ಹೊಕ್ಕ ಡ್ರೈವಿಗೆ ಕರೆಂಟು ಕೊಡಬಾರದು. ಒಳಗೆ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಹವೆಯಾಡುವ ಸಣ್ಣ ತೂತಿನಿಂದ ಇಳಿದ ಕೆಸರಿನ ಒಂದು ಕಣ ಅಲ್ಲಿ ಕುಳಿತರೂ ತಟ್ಟೆ ಗೀರಿಹೋಗುತ್ತದೆ. ಬಿಸಿಲಿಗಿಟ್ಟು ಒಣಗಿಸಿದರೆ ಕೆಸರು ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿಯೇ ಕಟ್ಟಿ ದತ್ತಾಂಶ ಬಿಡಿಸುವ ಪರಿಣತರಿಗೆ ಒಯ್ಯುವುದು ಮೇಲು. ಖರ್ಚು ಮಾತ್ರ ಹೊಸ ಡ್ರೈವಿಗಿಂತ ಬಹಳ ಹೆಚ್ಚು.

ಎರಡು ಡ್ರೈವ್ ಕೊಂಡರೆ ಕೆಲಸ ಸಲೀಸು. ಒಂದು ಗೋಕಾಕದ ಮನೆಯಲ್ಲಿ, ಒಂದು ಹುಕ್ಕೇರಿಯ ನೆಂಟರಲ್ಲಿ. ಹಬ್ಬಕ್ಕೆ ಹೋದಾಗ ಅದಲುಬದಲು. ಮುಂಗಾರಿಗೆ ಮೊದಲೊಮ್ಮೆ ತಪ್ಪದೆ. ಬದಲಿಸುವಾಗ ಒಂದೆರಡು ಫೈಲ್ ತೆರೆದು ನೋಡಿ. ಪರರ ಮನೆಯಲ್ಲಿರುವ ಡ್ರೈವಿನಲ್ಲಿ ಬ್ಯಾಂಕಿನ ಕಾಗದ, ಆಧಾರ್ ಪ್ರತಿಗಳಿದ್ದರೆ ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಿಂದ ಬೀಗ ಹಾಕಿಕೊಳ್ಳಬಹುದು. ಆ ಪಾಸ್‌ವರ್ಡನ್ನು ಡ್ರೈವಿನ ಚೀಲದಲ್ಲೇ ಇಡಬೇಡಿ. ಗೋಕಾಕದ ಮನೆಯ ಡೈರಿಯಲ್ಲಷ್ಟೇ ಬರೆದಿಡುವುದೂ ಬೇಡ. ಮನೆಗೆ ನೀರು ಬಂದರೆ ಡೈರಿಯೂ ಹೋಗಿರುತ್ತದೆ, ಹುಕ್ಕೇರಿಯಲ್ಲಿ ಒಣಗಿಯೇ ಇರುವ ಡ್ರೈವನ್ನು ತೆರೆಯುವವರು ಯಾರೂ ಇರುವುದಿಲ್ಲ.