ಸಾಲ್ಸಾ ಶೀಸೆಗೆ ಹುಳಿಯೇ ಕಾವಲು

1977ರ ವಸಂತಕಾಲ. ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್ ಪಟ್ಟಣದ ಆಸ್ಪತ್ರೆಗಳಿಗೆ ಒಬ್ಬರ ಹಿಂದೊಬ್ಬರಂತೆ ಜನ ಬರತೊಡಗಿದರು. ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು, ಕೆಲವರಿಗೆ ರೆಪ್ಪೆ ಎತ್ತಲಾಗದು, ಇನ್ನು ಕೆಲವರಿಗೆ ಗುಟುಕು ನುಂಗುವುದೂ ಕಷ್ಟ. ಲೆಕ್ಕ ಕೊನೆಗೆ 59ಕ್ಕೆ ಬಂದು ನಿಂತಿತು. ಎಲ್ಲರೂ ಒಂದೇ ಮೆಕ್ಸಿಕನ್ ಹೋಟೆಲಿನಲ್ಲಿ ಉಂಡವರು. ಸರಿಯಾಗಿ ಕಾಯಿಸದೆ ಶೀಸೆಗಳಲ್ಲಿ ತುಂಬಿಟ್ಟಿದ್ದ ಹಾಲಪೇನ್ಯೊ ಮೆಣಸಿನಕಾಯಿಯಿಂದ ಮಾಡಿದ ಖಾರದ ಸಾಸು ಈ ಅನಾಹುತಕ್ಕೆ ಕಾರಣವಾಗಿತ್ತು. ರೋಗದ ಹೆಸರು ಬಾಟ್ಯುಲಿಸಮ್.

ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಸೇರಿಸಿದರೆ ಮೆಕ್ಸಿಕೋದ ಸಾಲ್ಸಾ ಆಯಿತು. ನಮ್ಮ ಕೋಸಂಬರಿಯ ದೂರದ ನೆಂಟ ಎನ್ನಬಹುದು. ಟೊಮೆಟೊ ಎಂಬ ಹೆಸರೇ ಆ ನಾಡಿನ ನಾವಾಟ್ಲ್ ಭಾಷೆಯದು. ಸಾಲ್ಸಾ ಎಂಬ ಸ್ಪ್ಯಾನಿಷ್ ಪದದ ಮೂಲ ಮಾತ್ರ ಲ್ಯಾಟಿನ್. ಅರ್ಥ ‘ಉಪ್ಪು ಹಾಕಿದ್ದು’. ಆಗಿಂದಾಗ್ಗೆ ಕುಟ್ಟಿ ತಿನ್ನುವ ಈ ವ್ಯಂಜನ ಉತ್ತರದ ಗಡಿ ದಾಟಿ ಅಮೆರಿಕದ ಮನೆಮನೆ ಸೇರಿತು. 1990ರ ದಶಕದ ಆರಂಭದಲ್ಲಿ ಅದರ ಮಾರಾಟ, ಹಣದ ಲೆಕ್ಕದಲ್ಲಿ, ಕೆಚಪ್ಪನ್ನೂ ಹಿಂದಿಕ್ಕಿತು. ಬೇಸಿಗೆಯ ಕೊನೆಗೆ ಹಿತ್ತಲಲ್ಲಿ ಟೊಮೆಟೊ ರಾಶಿ ಬೀಳುವಾಗ ಅಲ್ಲಿನ ಗೃಹಿಣಿಯರು ಅದನ್ನು ಶೀಸೆಗೆ ತುಂಬಿ ಚಳಿಗಾಲಕ್ಕೆ ಎತ್ತಿಡುತ್ತಾರೆ. ಇದಕ್ಕೆ ಕ್ಯಾನಿಂಗ್ ಎಂದು ಹೆಸರು, ಡಬ್ಬಿ ಇರಲಿ ಇಲ್ಲದಿರಲಿ.

ಈ ವಿದ್ಯೆಯನ್ನು ಮೊದಲು ಕಂಡುಕೊಂಡವನು ಸಿಹಿತಿಂಡಿ ಮಾಡುತ್ತಿದ್ದ ಫ್ರೆಂಚ್ ಬಾಣಸಿಗ ನಿಕೊಲಾ ಅಪೇರ್. ಶೀಸೆಗೆ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ತೋರಿಸಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. 1810ರಲ್ಲಿ ಪುಸ್ತಕವನ್ನೂ ಬರೆದ. ಏಕೆ ಕೆಡುವುದಿಲ್ಲ ಎಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳ ಕಥೆಯನ್ನು ಪ್ಯಾಸ್ಟರ್ ಬಿಡಿಸಿ ಹೇಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಹಂದಿಮಾಂಸ ತಿಂದು ಕಾಯಿಲೆ ಬಿದ್ದಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಅದರಲ್ಲಿ ಒಂದು ವಿಚಿತ್ರ ಬ್ಯಾಕ್ಟೀರಿಯಾ ಪತ್ತೆ ಮಾಡಿದ. ಇಂದು ಅದನ್ನು ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎನ್ನುತ್ತಾರೆ. ಚರ್ಮದ ಸುಕ್ಕು ಅಳಿಸಲು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಚುಚ್ಚಿಸಿಕೊಳ್ಳುವುದೂ ಇದರ ವಿಷವನ್ನೇ!

ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಈ ಜೀವಿಗೆ ಗಾಳಿ ಸೇರದು. ಕಷ್ಟಕಾಲದಲ್ಲಿ ಅದು ಗಟ್ಟಿ ಕವಚದ ಬೀಜಕವಾಗಿ ಕುಳಿತುಬಿಡುತ್ತದೆ, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಶೀಸೆಯನ್ನು ಕುದಿಸಿದಾಗ ಇತರ ಜೀವಿಗಳು ಸಾಯುತ್ತವೆ, ಗಾಳಿ ಹೊರಹೋಗುತ್ತದೆ, ಮುಚ್ಚಳ ಬಿಗಿಯುತ್ತದೆ. ಬೀಜಕಕ್ಕೆ ಇದು ಮನೆ ಖಾಲಿ ಮಾಡಿಸಿಕೊಟ್ಟಂತೆ. ಅದು ಮೊಳೆತು ವಿಷ ಕಾರಿದರೂ ರುಚಿ, ವಾಸನೆಗಳಲ್ಲಿ ಗೊತ್ತಾಗದೇ ಹೋಗಬಹುದು. ಬೀಜಕ ಸಾಯಬೇಕಾದರೆ ಒತ್ತಡದಲ್ಲಿ 116ರಿಂದ 121 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಇಲ್ಲವೇ ಅದು ಮೊಳೆಯದಂತೆ ಹುಳಿ ಬೇಕು.

ಹುಳಿಯ ಅಳತೆಗೋಲು ಪಿಎಚ್. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 4.6 ಎಂಬುದು ಗಡಿ: ಅದಕ್ಕಿಂತ ಕೆಳಗೆ ಈ ಬೀಜಕ ಮೊಳೆಯದು. ಟೊಮೆಟೊ ಹುಳಿಹಣ್ಣೆಂದೇ ಎಲ್ಲರ ನಂಬಿಕೆ. ಆದರೆ ತಳಿ, ಮಾಗಿದ ಹದ ನೋಡಿ ಅದು ಗಡಿಯ ಈಚೆಗೂ ಇರಬಹುದು, ಆಚೆಗೂ ಇರಬಹುದು. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿಗಳಂತೂ ಆಚೆಯವೇ. ಹಾಗಾಗಿ ಸಾಲ್ಸಾಕ್ಕೆ ಹಾಕುವ ವಿನೆಗರ್ ಅಥವಾ ನಿಂಬೆರಸ ನಾಲಿಗೆಗಾಗಿ ಅಲ್ಲ. ಜಗುಲಿಯಲ್ಲಿ ಕೂತ ಕಾವಲುಗಾರನಂತೆ ಅದು. ಹುಳಿ ಜಾಸ್ತಿಯಾಯಿತೆಂದು ಅರ್ಧ ಲೋಟ ಕಡಿಮೆ ಮಾಡಿದವರು, ಇನ್ನೆರಡು ಈರುಳ್ಳಿ ಇರಲೆಂದು ಹೆಚ್ಚಿಹಾಕಿದವರು ಕಾವಲುಗಾರನನ್ನು ಮನೆಗೆ ಕಳಿಸಿದಂತಾಯಿತು. ಕಣ್ಣಂದಾಜಿನಲ್ಲೇ ಅಡುಗೆ ಮಾಡಿ ಸೈ ಎನಿಸಿಕೊಂಡ ಕೈಗೆ ಈ ಮಾತು ರುಚಿಸುವುದಿಲ್ಲ.

ಅಮೆರಿಕದ ಕೃಷಿ ಇಲಾಖೆ ಪರೀಕ್ಷಿಸಿ ಕೊಟ್ಟಿರುವ ಒಂದು ಅಳತೆ ಹೀಗಿದೆ: ಟೊಮೆಟೊ ಸುಮಾರು ಎರಡೂಕಾಲು ಕಿಲೋ, ಮೆಣಸಿನಕಾಯಿ 900 ಗ್ರಾಂ, ಈರುಳ್ಳಿ 450 ಗ್ರಾಂ, ಶೇ. 5ರ ವಿನೆಗರ್ 240 ಮಿಲಿಲೀಟರ್, ಮೂರು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ. ಟೊಮೆಟೊ, ಮೆಣಸಿನಕಾಯಿಗಳ ಸಿಪ್ಪೆ ಬಿಡಿಸಿ ಹೆಚ್ಚಿ, ಎಲ್ಲವನ್ನೂ ಕುದಿಬರಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಬಿಸಿ ಇರುವಾಗಲೇ ಅರ್ಧ ಲೀಟರಿನೊಳಗಿನ ಬಿಸಿ ಶೀಸೆಗಳಿಗೆ, ಮೇಲೆ ಅರ್ಧ ಇಂಚು ಬಿಟ್ಟು ತುಂಬಬೇಕು. ಬಾಯಿ ಒರೆಸಿ, ಕ್ಯಾನಿಂಗಿಗೆಂದೇ ಮಾಡಿದ ಹೊಸ ಮುಚ್ಚಳ ಹಾಕಿ, ಶೀಸೆ ಮುಳುಗಿ ಮೇಲೆ ಒಂದಿಂಚು ನೀರು ನಿಲ್ಲುವಂತೆ ಇಟ್ಟು 15 ನಿಮಿಷ ಕುದಿಸಬೇಕು. ವಿನೆಗರಿಗೆ ಬದಲಾಗಿ ಅಷ್ಟೇ ಅಳತೆಯ ಬಾಟಲಿ ನಿಂಬೆರಸ ಹಾಕಬಹುದು. ನಿಂಬೆರಸ ಹೇಳಿದ ಕಡೆ ವಿನೆಗರ್ ಸಲ್ಲದು, ಅದರ ಹುಳಿ ಕಡಿಮೆ. ತಾಜಾ ನಿಂಬೆಹಣ್ಣಿನ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆಯಾದ್ದರಿಂದ ಬಾಟಲಿಯ ರಸಕ್ಕೇ ಆದ್ಯತೆ. ನಮ್ಮ ಅಂಗಡಿಗಳ ವಿನೆಗರ್ ಹಲವು ವೇಳೆ ಶೇ. 4ರ ಆಸುಪಾಸಿನದು, ಚೀಟಿ ಓದದೆ ಸುರಿಯಬಾರದು.

ಈ 15 ನಿಮಿಷ 1,000 ಅಡಿ ಎತ್ತರದವರೆಗಿನ ಊರುಗಳಿಗೆ. ಎತ್ತರ ಏರಿದಂತೆ ನೀರು ಕಡಿಮೆ ಕಾವಿಗೇ ಕುದಿಯುತ್ತದೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಅದು 97 ಡಿಗ್ರಿಯಷ್ಟೆ. 1,001ರಿಂದ 6,000 ಅಡಿವರೆಗೆ 20 ನಿಮಿಷ, ಅದಕ್ಕೂ ಮೇಲೆ 25 ನಿಮಿಷ ಎಂದು ಇಲಾಖೆಯ ಲೆಕ್ಕ.

ಅಜ್ಜಿಯ ಕಾಲದಿಂದ ಜಾಡಿಯಲ್ಲಿ ಮಾವಿನಕಾಯಿ ಕೆಡದೆ ನಿಂತಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಪ್ಪಿನಕಾಯಿ ಹೆಸರಿಗೆ ತಕ್ಕಂತೆ ಉಪ್ಪಿನಲ್ಲೇ ಮುಳುಗಿರುತ್ತದೆ. ಉಪ್ಪುನೀರು ನೂರಕ್ಕೆ ಹತ್ತು ಮೀರಿದರೆ ಈ ಬ್ಯಾಕ್ಟೀರಿಯಾ ಬೆಳೆಯದು. ಜೊತೆಗೆ ಮಾವಿನ ಹುಳಿ. ಸಾಲ್ಸಾದ ಹೆಸರಿನಲ್ಲಿ ಉಪ್ಪಿದ್ದರೂ ಶೀಸೆಯಲ್ಲಿರುವುದು ರುಚಿಗೆ ತಕ್ಕಷ್ಟು ಮಾತ್ರ.

ಮುಚ್ಚಳ ಉಬ್ಬಿದ್ದರೆ, ತೆರೆದಾಗ ರಸ ಚಿಮ್ಮಿದರೆ ನಾಲಿಗೆಗೆ ತಾಗಿಸದೆ ಎಸೆಯುವುದೊಂದೇ ದಾರಿ. ತಮ್ಮದೇ ಅಳತೆ ಬಿಡಲೊಲ್ಲದವರಿಗೆ ಫ್ರೀಜರ್ ಇದೆ. ಅಲ್ಲಿ ಈರುಳ್ಳಿ ಎಷ್ಟಾದರೂ ಇರಲಿ. ಹೆಚ್ಚಿನ ಕೊತ್ತಂಬರಿ ಸೊಪ್ಪನ್ನು ಶೀಸೆ ತೆರೆದ ಮೇಲೆ, ಬಡಿಸುವ ಹೊತ್ತಿಗೆ ಹೆಚ್ಚಿಹಾಕಿಕೊಳ್ಳಬಹುದು.