ಮಳೆಯನ್ನೇ ಸರಕಾಗಿಸಿದ ನಾಡು: ಒಮಾನ್ ಪ್ರವಾಸ ಮತ್ತು ನಮ್ಮ ಅರೇಹಳ್ಳಿ ಸೀಮೆ

2023ರ ಸೆಪ್ಟೆಂಬರ್ 18ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಯುನೆಸ್ಕೋ ವಿಶ್ವ ಪರಂಪರೆ ಸಮಿತಿಯ ಅಧಿವೇಶನದಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂದು ಬೇಲೂರು ತಾಲ್ಲೂಕಿನಾದ್ಯಂತ ಸಂತೋಷ ವ್ಯಕ್ತವಾದುದು ಸಹಜವೇ ಆಗಿತ್ತು. ಆದರೆ ವರ್ತಕನು ಸಂತೋಷದೊಡನೆ ಲೆಕ್ಕವನ್ನೂ ನೋಡಬೇಕಾಗುತ್ತದೆ. ದೇವಾಲಯ ನೋಡಲು ಬರುವವರಲ್ಲಿ ಬಹುಪಾಲು ಜನರು ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಬೆಳಿಗ್ಗೆ ಬಂದು, ಬೇಲೂರು ಹಳೇಬೀಡುಗಳನ್ನು ಒಂದೇ ದಿನದಲ್ಲಿ ಮುಗಿಸಿ, ಸಂಜೆಗೆ ಹಿಂದಿರುಗುತ್ತಾರೆ. ಅದೇ ತಾಲ್ಲೂಕಿನ ಕಾಫಿ ಸೀಮೆಯಾದ ಅರೇಹಳ್ಳಿಯ ಹೆಸರನ್ನು ಅವರಲ್ಲಿ ಎಷ್ಟು ಮಂದಿ ಕೇಳಿರುತ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅರಬ್ಬೀ ಸಮುದ್ರದ ಆಚೆ ದಡದಲ್ಲಿರುವ ಒಮಾನ್ ದೇಶದ ಕಡೆ ಒಮ್ಮೆ ನೋಡುವುದು ಉಪಯುಕ್ತ. 3,000 ಕಿ.ಮೀ.ಗೂ ಮಿಗಿಲಾದ ಕರಾವಳಿ, ಸುಮಾರು ಅರ್ಧ ಕೋಟಿ ಜನಸಂಖ್ಯೆ, ಬಹುಭಾಗ ಮರಳು ಮತ್ತು ಬೋಳು ಬೆಟ್ಟ, ಇದು ಆ ದೇಶದ ಚಿತ್ರ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಅಲ್ಲಿ ಡಾಂಬರು ರಸ್ತೆ ಹತ್ತಾರು ಕಿಲೋಮೀಟರ್ ಕೂಡ ಇರಲಿಲ್ಲ. ತೈಲದ ಆದಾಯ ಶಾಶ್ವತವಲ್ಲವೆಂದು ಅರಿತ ಆ ರಾಷ್ಟ್ರವು ಪ್ರವಾಸೋದ್ಯಮವನ್ನು ತನ್ನ ಮುಂದಿನ ಕಸುಬುಗಳಲ್ಲೊಂದಾಗಿ ಆರಿಸಿಕೊಂಡಿದೆ. ನಮ್ಮ ಸದಸ್ಯ ಬಾಂಧವರು ಅಲ್ಲಿ ನೋಡಬೇಕಾದುದೇನು ಮತ್ತು ಅಲ್ಲಿಂದ ಕಲಿಯಬೇಕಾದುದೇನು ಎಂಬುದೇ ಈ ಲೇಖನದ ವಿಷಯ.

ಹಳೆಯ ನಂಟು

ಒಮಾನ್ ನಮಗೆ ಹೊಸ ದೇಶವಲ್ಲ. ಹೊಯ್ಸಳರ ಕಾಲದಲ್ಲಿ ದಕ್ಷಿಣದ ಅರಸರ ಸೇನೆಗೆ ಬೇಕಾದ ಕುದುರೆಗಳು ಅರಬ್ ಕರಾವಳಿಯಿಂದ ಹಡಗಿನಲ್ಲಿ ಬರುತ್ತಿದ್ದವು. ಸಮುದ್ರಮಾರ್ಗವಾಗಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯ ಕೀರ್ತಿ ಅರಸೀಕೆರೆಯ ಶಾಸನದಲ್ಲಿದೆ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ, ಇಂದಿನ ಒಮಾನಿನ ದಕ್ಷಿಣದಲ್ಲಿದ್ದ ಜಫಾರ್ ಬಂದರಿನಿಂದ ಭಾರತಕ್ಕೆ ಉತ್ತಮ ತಳಿಯ ಕುದುರೆಗಳು ರವಾನೆಯಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನನು ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರ ಕೋಠಿಯನ್ನೇ ನಡೆಸಿದನು. ಗಂಧ, ಮೆಣಸು, ಏಲಕ್ಕಿ, ಅಕ್ಕಿಗಳು ಮಂಗಳೂರು ಕಡೆಯ ಬಂದರುಗಳಿಂದ ಅಲ್ಲಿಗೆ ಹೋಗುತ್ತಿದ್ದವು. ಒಮಾನಿನ ನೆರೆಯ ಯೆಮೆನ್ ದೇಶದ ಮೋಕಾ ಬಂದರಿನಿಂದ ಬಾಬಾ ಬುಡನ್ ತಂದರೆಂದು ಪ್ರತೀತಿಯಿರುವ ಏಳು ಕಾಫಿ ಬೀಜಗಳ ಸಂತತಿಯೇ ಇಂದು ನಮ್ಮ ತೋಟಗಳ ಅರೇಬಿಕಾ ಎಂಬುದನ್ನು ಅರೇಹಳ್ಳಿಯವರಿಗೆ ಹೇಳಬೇಕಾಗಿಲ್ಲ.

ಹಣದಲ್ಲಿಯೂ ಈ ನಂಟು ಉಳಿದಿದೆ. 1960ರ ದಶಕದವರೆಗೂ ಅಲ್ಲಿ ರೂಪಾಯಿಯ ಚಲಾವಣೆಯಿತ್ತು. ಇಂದಿನ ಒಮಾನಿ ರಿಯಾಲ್‌ನ ಸಾವಿರದ ಒಂದು ಭಾಗಕ್ಕೆ ‘ಬೈಸಾ’ ಎಂದು ಹೆಸರು. ಅದು ನಮ್ಮ ಪೈಸೆಯೇ.

ಮಸ್ಕತ್: ವರ್ತಕರ ಪಟ್ಟಣ

ರಾಜಧಾನಿ ಮಸ್ಕತ್‌ನಲ್ಲಿ ಗಗನಚುಂಬಿ ಕಟ್ಟಡಗಳಿಲ್ಲ. ಬಿಳಿ ಬಣ್ಣದ, ತಗ್ಗಾದ, ಸಾಂಪ್ರದಾಯಿಕ ಶೈಲಿಯ ಕಟ್ಟಡಗಳನ್ನೇ ಕಟ್ಟಬೇಕೆಂಬ ನಿಯಮವನ್ನು ದಶಕಗಳಿಂದ ಪಾಲಿಸಿಕೊಂಡು ಬಂದುದರಿಂದ ಊರಿಗೆ ತನ್ನದೇ ಆದ ಮುಖವಿದೆ. ಬಂದರನ್ನು ಕಾಯುವ ಜಲಾಲಿ ಮತ್ತು ಮಿರಾನಿ ಕೋಟೆಗಳು, 1507ರಲ್ಲಿ ಬಂದು 1650ರಲ್ಲಿ ಹೊರದೂಡಲ್ಪಟ್ಟ ಪೋರ್ಚುಗೀಸರ ಕಾಲವನ್ನು ನೆನಪಿಸುತ್ತವೆ.

2001ರಲ್ಲಿ ಉದ್ಘಾಟನೆಗೊಂಡ ಸುಲ್ತಾನ್ ಕಾಬೂಸ್ ಮಹಾ ಮಸೀದಿಯನ್ನು ಭಾರತದಿಂದ ತರಿಸಿದ ಸುಮಾರು 3 ಲಕ್ಷ ಟನ್ ಮರಳುಗಲ್ಲಿನಿಂದ ಕಟ್ಟಲಾಗಿದೆ. ಅದರ ಪ್ರಾರ್ಥನಾ ಮಂದಿರದಲ್ಲಿ ಹಾಸಿರುವ ಒಂದೇ ರತ್ನಗಂಬಳಿಯ ವಿಸ್ತೀರ್ಣ 4,343 ಚದರ ಮೀಟರ್. ನೇಯಲು ನಾಲ್ಕು ವರ್ಷ ಹಿಡಿಯಿತು. ಅನ್ಯಧರ್ಮೀಯರಿಗೆ ಶುಕ್ರವಾರ ಹೊರತು ಉಳಿದ ದಿನಗಳ ಬೆಳಗಿನ ಹೊತ್ತು ಪ್ರವೇಶವುಂಟು.

ನಮ್ಮ ಓದುಗರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಮತ್ರಾ ಪೇಟೆ. ಸಮುದ್ರತೀರದ ಈ ಮುಚ್ಚುಮಾಡಿನ ಸಂದುಗಳಲ್ಲಿ ಲೋಬಾನ, ಬೆಳ್ಳಿಯ ಬಾಕು, ಖರ್ಜೂರ, ಅತ್ತರು, ಮಸಾಲೆ ಸಾಮಾನುಗಳ ಅಂಗಡಿಗಳು ಸಾಲುಗಟ್ಟಿವೆ. ಕಛ್ ಪ್ರದೇಶದ ಭಾಟಿಯಾ ವರ್ತಕರು ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದಾರೆ. 1870ರಲ್ಲಿ ಆರಂಭವಾದ ಖಿಮ್‌ಜಿ ರಾಮದಾಸ್ ಸಂಸ್ಥೆ ಇಂದಿಗೂ ಅಲ್ಲಿನ ದೊಡ್ಡ ವಾಣಿಜ್ಯ ಮನೆತನಗಳಲ್ಲೊಂದು. 2021ರಲ್ಲಿ ನಿಧನರಾದ ಅದರ ಹಿರಿಯ ಕನಕ್‌ಸಿ ಖಿಮ್‌ಜಿಯವರಿಗೆ ಒಮಾನಿನ ಅರಸರು ‘ಶೇಖ್’ ಪದವಿಯನ್ನಿತ್ತು ಗೌರವಿಸಿದ್ದರು. ಹಳೆಯ ಮಸ್ಕತ್‌ನಲ್ಲಿ ಶಿವಾಲಯವೂ ದಾರ್ಸೈತ್‌ನಲ್ಲಿ ಕೃಷ್ಣ ಮಂದಿರವೂ ಇವೆ.

ನಿಜ್ವಾ ಮತ್ತು ಬೆಟ್ಟದ ಊರುಗಳು

ಮಸ್ಕತ್‌ನಿಂದ ಎರಡು ಗಂಟೆಯ ಹಾದಿಯಲ್ಲಿರುವ ನಿಜ್ವಾ ಹಿಂದಿನ ರಾಜಧಾನಿ. ಹದಿನೇಳನೆಯ ಶತಮಾನದ ದುಂಡನೆಯ ಬೃಹತ್ ಕೋಟೆಯ ಬುಡದಲ್ಲಿಯೇ ಪೇಟೆಯಿದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಆಡು, ದನಗಳ ಸಂತೆ ಸೇರುತ್ತದೆ. ಮಾರುವವನು ಆಡನ್ನು ಹಿಡಿದುಕೊಂಡು ಸುತ್ತು ಹಾಕುತ್ತಾ ಬೆಲೆ ಕೂಗುತ್ತಾನೆ, ಕೊಳ್ಳುವವರು ಸುತ್ತಲೂ ಕುಳಿತು ನೋಡುತ್ತಾರೆ. ಇದು ಪ್ರವಾಸಿಗರಿಗಾಗಿ ಹೂಡಿದ ಪ್ರದರ್ಶನವಲ್ಲ, ನಿಜವಾದ ಸಂತೆ. ಆದುದರಿಂದಲೇ ಪ್ರವಾಸಿಗರು ಅದನ್ನು ನೋಡಲು ಬರುತ್ತಾರೆ.

ಈ ಭಾಗದ ‘ಫಲಜ್’ ಎಂಬ ನೀರುಗಾಲುವೆಗಳು ಬೆಟ್ಟದ ಬುಡದ ಅಂತರ್ಜಲವನ್ನು ಯಂತ್ರದ ನೆರವಿಲ್ಲದೆ ಕೇವಲ ಇಳಿಜಾರಿನಿಂದ ಖರ್ಜೂರದ ತೋಟಗಳಿಗೆ ಒಯ್ಯುತ್ತವೆ. ಸುಮಾರು 3,000 ಕಾಲುವೆಗಳು ಇನ್ನೂ ಬಳಕೆಯಲ್ಲಿದ್ದು, ಅವುಗಳಲ್ಲಿ ಐದು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ನೀರಿನ ಹಂಚಿಕೆ ಊರವರ ಕೈಯಲ್ಲಿಯೇ ಇದೆ. ಸಮೀಪದ ಜೆಬೆಲ್ ಅಖ್ದರ್ ಬೆಟ್ಟದಲ್ಲಿ ವಸಂತ ಋತುವಿನಲ್ಲಿ ಗುಲಾಬಿ ಅರಳುತ್ತದೆ. ಪನ್ನೀರು ಬಟ್ಟಿ ಇಳಿಸುವ ಮನೆಗಳನ್ನು ಪ್ರವಾಸಿಗರು ಒಳಹೊಕ್ಕು ನೋಡಬಹುದು.

ಆದರೆ ಅರೇಹಳ್ಳಿಯ ದೃಷ್ಟಿಯಿಂದ ನಿಂತು ನೋಡಬೇಕಾದ ಊರು ಮಿಸ್ಫಾತ್ ಅಲ್ ಅಬ್ರಿಯ್ಯೀನ್. ಬಂಡೆಯ ಮೇಲೆ ಕಟ್ಟಿದ ಮಣ್ಣುಗೋಡೆಯ ಹಳ್ಳಿ ಅದು. ಪಾಳುಬೀಳುತ್ತಿದ್ದ ಹಳೆಯ ಮನೆಗಳನ್ನು ಊರಿನವರೇ ದುರಸ್ತಿ ಮಾಡಿ ಅತಿಥಿಗೃಹಗಳನ್ನಾಗಿಸಿದರು. ಹೊರಗಿನ ಬಂಡವಾಳಗಾರನಿಗೆ ಮಾರಲಿಲ್ಲ. ಊಟ, ತಂಗುವಿಕೆ, ದಾರಿ ತೋರುವಿಕೆ, ತೋಟದ ಉತ್ಪನ್ನಗಳ ಮಾರಾಟ ಎಲ್ಲವೂ ಅಲ್ಲಿನ ಕುಟುಂಬಗಳ ದುಡಿಮೆ. 2021ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಅತ್ಯುತ್ತಮ ಪ್ರವಾಸಿ ಗ್ರಾಮಗಳ ಪಟ್ಟಿಯಲ್ಲಿ ಈ ಹಳ್ಳಿಗೆ ಸ್ಥಾನ ದೊರೆಯಿತು.

ಸೂರ್ ಕರಾವಳಿ

ಪೂರ್ವ ತುದಿಯ ಸೂರ್ ಪಟ್ಟಣದಲ್ಲಿ ಮರದ ಹಡಗು ಕಟ್ಟುವ ಕಸುಬು ಇನ್ನೂ ಜೀವಂತವಾಗಿದೆ. ಈ ಹಡಗುಗಳಿಗೆ ನಮ್ಮ ಪಶ್ಚಿಮ ಕರಾವಳಿಯ ತೇಗದ ಮರ ಹೋಗುತ್ತಿತ್ತು. ಅಲ್ಲಿಂದ ಮುಂದಿನ ರಾಸ್ ಅಲ್ ಜಿಂಜ್ ಕಡಲತೀರಕ್ಕೆ ಹಸಿರು ಕಡಲಾಮೆಗಳು ರಾತ್ರಿ ಮೊಟ್ಟೆಯಿಡಲು ಬರುತ್ತವೆ. ಇಲ್ಲಿ ಸಂದರ್ಶಕರ ಸಂಖ್ಯೆಗೆ ಮಿತಿಯಿದೆ, ಮಾರ್ಗದರ್ಶಕನಿಲ್ಲದೆ ಪ್ರವೇಶವಿಲ್ಲ. ಮಿತಿಯಿಂದ ಆದಾಯ ಕಡಿಮೆಯಾಗಬಹುದೆಂಬ ಆತಂಕ ಸಹಜವಾದರೂ ಆಮೆ ಉಳಿದರೆ ಮಾತ್ರ ಆದಾಯವೂ ಉಳಿಯುತ್ತದೆ.

ಸಲಾಲಾ: ಮಳೆಯ ಮಾರುಕಟ್ಟೆ

ಮಸ್ಕತ್‌ನಿಂದ ಸುಮಾರು 1,000 ಕಿ.ಮೀ. ದೂರದ ದಕ್ಷಿಣದಲ್ಲಿ, ಜಫಾರ್ ಪ್ರಾಂತದ ಸಲಾಲಾ ಇದೆ. ರಸ್ತೆಬದಿಯಲ್ಲಿ ಎಳನೀರು, ಬಾಳೆಹಣ್ಣು, ಪರಂಗಿ ಮಾರುವ ಅಂಗಡಿಗಳನ್ನು ಕಂಡರೆ ಕನ್ನಡಿಗನಿಗೆ ತನ್ನ ಕರಾವಳಿಯೇ ನೆನಪಾಗುತ್ತದೆ. ನಮಗೆ ಮಳೆ ತರುವ ನೈಋತ್ಯ ಮಾರುತದ ಅಂಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಬೆಟ್ಟಸಾಲಿಗೂ ತಗಲುತ್ತದೆ. ಬೋಳು ಬೆಟ್ಟಗಳು ಕೆಲವೇ ವಾರಗಳಲ್ಲಿ ಹಸಿರಾಗುತ್ತವೆ, ಮಂಜು ಕವಿಯುತ್ತದೆ, ವಾದಿ ದರ್ಬಾತ್‌ನಲ್ಲಿ ನೀರು ಧುಮುಕುತ್ತದೆ. ಇದಕ್ಕೆ ‘ಖರೀಫ್’ ಎಂದು ಹೆಸರು. ಉಳಿದ ಕೊಲ್ಲಿ ನಾಡುಗಳು 45 ಡಿಗ್ರಿ ಶಾಖದಲ್ಲಿ ಬೇಯುತ್ತಿರುವಾಗ ಸಲಾಲಾ ತಂಪಾಗಿರುತ್ತದೆ. ಅಲ್ಲಿ ಬೀಳುವ ಒಟ್ಟು ಮಳೆ ನಮ್ಮ ಆಷಾಢದ ಕೆಲವು ದಿನಗಳ ಮಳೆಗೆ ಸಮನಾದೀತು. ಆ ತುಂತುರನ್ನು ನೋಡಲು 2024ರ ಖರೀಫ್ ಕಾಲದಲ್ಲಿ ಬಂದವರ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು.

ಲೋಬಾನದ ನಾಡೂ ಇದೇ. ವಾದಿ ದೌಕಾದ ಮರಗಳು, ಪ್ರಾಚೀನ ಬಂದರುಗಳಾದ ಅಲ್ ಬಲೀದ್ ಮತ್ತು ಖೋರ್ ರೋರಿ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1950ರ ದಶಕದಲ್ಲಿ ಖೋರ್ ರೋರಿಯ ಉತ್ಖನನದಲ್ಲಿ ಭಾರತದಿಂದ ಹೋದ ಸಾಲಭಂಜಿಕೆಯ ಸಣ್ಣ ಕಂಚಿನ ವಿಗ್ರಹವೊಂದು ದೊರೆಯಿತು. ಬೇಲೂರಿನ ಮದನಿಕೆಯರಿಗಿಂತ ಸಾವಿರ ವರ್ಷ ಮುಂಚಿನ ಅಕ್ಕನೊಬ್ಬಳು ಆ ಕಡಲತೀರದಲ್ಲಿದ್ದಳೆಂದು ಹೇಳಬಹುದು.

ಪಟ್ಟಿ ಶಾಶ್ವತವಲ್ಲ

ಒಮಾನ್ ಮತ್ತೊಂದು ಪಾಠವನ್ನೂ ಕಲಿಸುತ್ತದೆ. ಅಲ್ಲಿನ ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಜಿಂಕೆ ಜಾತಿಯ ಪ್ರಾಣಿಯ ಅಭಯಾರಣ್ಯ 1994ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಕಳ್ಳಬೇಟೆಯಿಂದ 1996ರಲ್ಲಿ 450ರಷ್ಟಿದ್ದ ಪ್ರಾಣಿಗಳು 65ಕ್ಕೆ ಇಳಿದವು. ತೈಲಶೋಧನೆಗಾಗಿ ಅಭಯಾರಣ್ಯದ ಶೇಕಡಾ 90ರಷ್ಟು ಭಾಗವನ್ನು ಕಡಿತಗೊಳಿಸಲಾಯಿತು. 2007ರಲ್ಲಿ ಯುನೆಸ್ಕೋ ಅದನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಹಾಗೆ ಸ್ಥಾನ ಕಳೆದುಕೊಂಡ ಜಗತ್ತಿನ ಮೊದಲ ತಾಣ ಅದು. ಹೊಸ ಕಟ್ಟಡಗಳು ಮೂಲ ರೂಪವನ್ನು ಕೆಡಿಸಿದ ಕಾರಣಕ್ಕಾಗಿ 2021ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೂ ಅದೇ ಗತಿಯಾಯಿತು. ದೇವಾಲಯದ ಆಸುಪಾಸಿನಲ್ಲಿ ಕಟ್ಟಡ ನಿರ್ಬಂಧಗಳು ಬಂದಾಗ ಗೊಣಗುವ ಬೇಲೂರು ಹಳೇಬೀಡುಗಳ ವರ್ತಕರು ಇದನ್ನು ನೆನಪಿನಲ್ಲಿಡಬೇಕು. ಅಂಗಡಿಯ ಮೇಲೆ ಮತ್ತೊಂದು ಮಹಡಿ ಏರಿಸಿದರೆ ಒಬ್ಬರಿಗೆ ಲಾಭ. ಪಟ್ಟಿಯಿಂದ ಹೆಸರು ಹೋದರೆ ಎಲ್ಲರಿಗೂ ನಷ್ಟ.

ಅರೇಹಳ್ಳಿಗೆ ಏನು?

ಕಾಫಿ ಬೆಳೆಗಾರನಿಗೆ ವರ್ಷಕ್ಕೊಂದೇ ಸುಗ್ಗಿ. ಕೊಯ್ಲಿನ ತಿಂಗಳುಗಳಲ್ಲಿ ಓಡಾಡುವ ಹಣ ಮಳೆಗಾಲಕ್ಕೆ ನಿಂತುಹೋಗುತ್ತದೆ. ಅರೇಹಳ್ಳಿಯ ಪೇಟೆಯಲ್ಲಿ ಗೊಬ್ಬರದ ಅಂಗಡಿಯಿಂದ ಬಟ್ಟೆಯ ಅಂಗಡಿಯವರೆಗೆ ಎಲ್ಲರಿಗೂ ಇದರ ಅನುಭವವಿದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಅಲ್ಪಸ್ವಲ್ಪ ವಹಿವಾಟು ತರುವ ಯಾವ ದಾರಿಯಾದರೂ ಪರಿಶೀಲನೆಗೆ ಅರ್ಹ.

ಮಳೆಯನ್ನು ಮಾರುವುದು ನಮಗೆ ತಿಳಿಯದ ವಿದ್ಯೆಯೇನಲ್ಲ. ಹಾಯಿಹಡಗುಗಳ ಕಾಲದಲ್ಲಿ ಯೂರೋಪಿಗೆ ತಿಂಗಳುಗಟ್ಟಲೆ ಸಾಗುತ್ತಿದ್ದ ಕಾಫಿ ಬೀಜ ಕಡಲಗಾಳಿಗೆ ಉಬ್ಬಿ ಹಳದಿಯಾಗುತ್ತಿತ್ತು. ಪ್ರಯಾಣದ ಅವಧಿ ಕಡಿಮೆಯಾದ ಮೇಲೆ ಆ ರುಚಿಗಾಗಿಯೇ ಬೇಡಿಕೆ ಬಂದಾಗ, ಬೀಜವನ್ನು ಮಂಗಳೂರಿನ ಮುಂಗಾರು ಗಾಳಿಗೆ ಒಡ್ಡಿ ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಲ್ಲಿ ಮಾರಲಾಯಿತು. ಅದು ಇಂದಿಗೂ ರಫ್ತಾಗುತ್ತಿದೆ.

ಆದರೆ ಸಲಾಲಾವನ್ನು ಹಾಗೆಯೇ ನಕಲು ಮಾಡಲಾಗದು. ಅಲ್ಲಿನದು ತುಂತುರು, ನಮ್ಮದು ಜಡಿಮಳೆ. ಮರ ಬಿದ್ದರೆ ವಿದ್ಯುತ್ ಹೋಗುತ್ತದೆ, ಘಟ್ಟದಲ್ಲಿ ಗುಡ್ಡ ಕುಸಿದರೆ ರಸ್ತೆ ಮುಚ್ಚುತ್ತದೆ, ತೋಟಗಳಲ್ಲಿ ಕಾಡಾನೆಯ ಭಯವಂತೂ ಇದ್ದೇ ಇದೆ. ಅತಿಥಿಯ ಸುರಕ್ಷತೆಗೆ ಹೊಣೆಗಾರರಾಗದವರು ಈ ಕಸುಬಿಗೆ ಕೈಹಾಕದಿರುವುದೇ ಲೇಸು. ಇವಿಷ್ಟನ್ನು ಒಪ್ಪಿಕೊಂಡು ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದಾಗಿ, ಬೇಲೂರಿಗೆ ಬಂದವನು ಒಂದು ರಾತ್ರಿ ಈ ಸೀಮೆಯಲ್ಲಿಯೇ ತಂಗುವಂತೆ ಮಾಡಬೇಕು. ಇದಕ್ಕೆ ದೊಡ್ಡ ಹೋಟೆಲು ಬೇಡ. ಮಿಸ್ಫಾತ್‌ನ ಮಾದರಿಯಲ್ಲಿ ಹಳೆಯ ತೋಟದ ಮನೆಗಳು ಸಾಕು. ಅವು ಕಾನೂನುಬದ್ಧವಾಗಿ ನೋಂದಾಯಿತವಾಗಿರಬೇಕು. ಎರಡನೆಯದಾಗಿ, ನಮ್ಮ ಕಸುಬನ್ನೇ ತೋರಿಸಬೇಕು. ಪಲ್ಪಿಂಗ್, ಕಣದಲ್ಲಿ ಒಣಗಿಸುವುದು, ಮೆಣಸು ಬಿಡಿಸುವುದು, ಹುರಿದು ಪುಡಿಮಾಡುವುದು ನಮಗೆ ನಿತ್ಯದ ಕೆಲಸವಾದರೂ ಪಟ್ಟಣದವನಿಗೆ ಅದೇ ನಿಜ್ವಾದ ಸಂತೆ. ಮೂರನೆಯದಾಗಿ, ಹೆಸರು ಹಾಕಿ ಮಾರಬೇಕು. ಮಂಡಿಗೆ ಮೂಟೆಯಾಗಿ ಹೋಗುವ ಬೀಜಕ್ಕೆ ಊರಿನ ಹೆಸರಿಲ್ಲ; ಕಾಲು ಕಿಲೋ ಪೊಟ್ಟಣದ ಮೇಲೆ ‘ಅರೇಹಳ್ಳಿ’ ಎಂದು ಅಚ್ಚಾದರೆ ಅದು ಜಾಹೀರಾತೂ ಹೌದು, ಬೆಲೆಯೂ ಹೌದು. ನಾಲ್ಕನೆಯದಾಗಿ, ಅರಸೀಕೆರೆಯ ರೈಲು ಜಂಕ್ಷನ್ ಮತ್ತು ಅಲ್ಲಿನ ಹೊಯ್ಸಳ ಕಾಲದ ಈಶ್ವರ ದೇವಾಲಯವನ್ನು ಆರಂಭದ ನಿಲ್ದಾಣವಾಗಿಸಿ, ಹಳೇಬೀಡು, ಬೇಲೂರು, ಅರೇಹಳ್ಳಿಗಳನ್ನು ಒಂದೇ ದಾರಿಯಾಗಿ ಪರಿಚಯಿಸುವ ಕೆಲಸವನ್ನು ವರ್ತಕ ಸಂಘಗಳು ಒಟ್ಟಾಗಿ ಕೈಗೊಳ್ಳಬೇಕು.

ಒಮಾನಿಗೆ ಹೊರಡುವವರಿಗೆ

ಮಸ್ಕತ್ ಮತ್ತು ನಿಜ್ವಾ ಭಾಗಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಸಲಾಲಾಕ್ಕೆ ಜುಲೈ, ಆಗಸ್ಟ್. ಆಗ ವಸತಿ ದರ ಏರುವುದರಿಂದ ಮುಂಚಿತವಾಗಿ ಕಾಯ್ದಿರಿಸಬೇಕು. ವೀಸಾವನ್ನು ಅಂತರ್ಜಾಲದ ಮೂಲಕ ಪಡೆಯಬಹುದು. ವಾರದ ರಜೆ ಶುಕ್ರವಾರ, ಶನಿವಾರ. ಪೇಟೆ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ. ರಿಯಾಲ್‌ನ ಬೆಲೆ ಸುಮಾರು 2.6 ಅಮೆರಿಕನ್ ಡಾಲರ್‌ಗೆ ನಿಗದಿಯಾಗಿರುವುದರಿಂದ ನಾಣ್ಯ ದುಬಾರಿಯೆಂಬ ಎಚ್ಚರ ಅಗತ್ಯ. ಭಾರತ ಮತ್ತು ಒಮಾನ್ ನಡುವೆ 2025ರ ಡಿಸೆಂಬರ್ 18ರಂದು ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ ಸಹಿಯಾಗಿದೆ. ಮಸಾಲೆ, ಕಾಫಿ, ತೆಂಗಿನ ಉತ್ಪನ್ನಗಳ ವ್ಯವಹಾರದಲ್ಲಿರುವವರು ಪ್ರವಾಸದ ಜೊತೆಗೆ ಮಾದರಿಗಳನ್ನೂ ಒಯ್ದರೆ ಪ್ರಯಾಣದ ವೆಚ್ಚ ವ್ಯರ್ಥವಾಗದು.

ಒಮಾನಿಯ ಮನೆಗೆ ಹೋದರೆ ಮೊದಲು ಖರ್ಜೂರ, ಹಲ್ವ, ಆಮೇಲೆ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ. ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ಸೂಚಿಸುವವರೆಗೂ ಸುರಿಯುತ್ತಲೇ ಇರುತ್ತಾರೆ. ಆ ಕಾಫಿಗೆ ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಪರಿಮಳವಿದೆ. ಕಾಫಿಯೂ ಏಲಕ್ಕಿಯೂ ಎರಡೂ ಬೆಳೆಯುವ ಸೀಮೆ ನಮ್ಮದು. ಅತಿಥಿಗೆ ಕೊಡುವ ಸರಕು ನಮ್ಮಲ್ಲಿ ಮೊದಲಿನಿಂದಲೂ ಇದೆ; ಅತಿಥಿಯನ್ನು ಒಂದು ರಾತ್ರಿ ನಿಲ್ಲಿಸಿಕೊಳ್ಳುವ ಏರ್ಪಾಡು ಮಾತ್ರ ಆಗಬೇಕಾಗಿದೆ.